ಏನೂ ಆಗಲಿಲ್ಲ ಅಂತ ಟೈಪ್ ಮಾಡಿ ಅಳಿಸಿದ ಮೇಲೆ

ಮಗಳ ಕ್ಲಾಸಿನ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಹೋದ ತಿಂಗಳು ಒಂದು ದೊಡ್ಡ ಚರ್ಚೆ ಎದ್ದಿತ್ತು. ಆರನೇ ಕ್ಲಾಸಿನ ಹುಡುಗಿಯೊಬ್ಬಳ ಬ್ಯಾಗಿನಲ್ಲಿ ದೊಡ್ಡವರು ಓದುವ ಕಾದಂಬರಿ ಸಿಕ್ಕಿತ್ತು. ಅಜ್ಜಿ ಮನೆಯ ಕಪಾಟಿನಿಂದ ಎತ್ತಿಕೊಂಡು ಬಂದದ್ದಂತೆ. ಸಿನಿಮಾಗೆ ಇರುವ ಹಾಗೆ ಪುಸ್ತಕಕ್ಕೂ ಸರ್ಟಿಫಿಕೇಟ್ ಇರಬೇಕು, ಒಟಿಟಿಯಲ್ಲಿ ಮೂಲೆಯಲ್ಲಿ 13+, 16+ ಅಂತ ತೋರಿಸುತ್ತಾರಲ್ಲ ಹಾಗೆ, ಅಂತ ಒಬ್ಬರು ಬರೆದರು. ಈಗಿನ ಮಕ್ಕಳು ಓದೋದೇ ಕಷ್ಟ, ಏನೋ ಒಂದು ಓದಲಿ ಬಿಡಿ ಅಂತ ಇನ್ನೊಬ್ಬರು. ಈ ಎರಡನೆಯವರ ಪಕ್ಷಕ್ಕೆ ಸೇರಿದವಳು ನಾನು. ತಕ್ಷಣ ಟೈಪ್ ಮಾಡಿದೆ: "ನಾನಂತೂ ಹತ್ತು ವರ್ಷಕ್ಕೇ ಇಂಥವನ್ನೆಲ್ಲ ಓದಿ ಮುಗಿಸಿದ್ದೆ. ಏನೂ ಆಗಲಿಲ್ಲ."

ಕಳಿಸಲಿಲ್ಲ. "ಏನೂ ಆಗಲಿಲ್ಲ" ಅನ್ನುವ ಕಡೆ ಬೆರಳು ನಿಂತಿತು. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಓದುವ ಹುಚ್ಚಿರುವವರು ನಾಲ್ಕು ಜನ ಸೇರಿದರೆ ಇದೊಂದು ಜಂಬದ ಮಾತು, ಅಲ್ವಾ? ಯಾರು ಎಷ್ಟು ಚಿಕ್ಕ ವಯಸ್ಸಿಗೆ ಎಂಥಾ ಪುಸ್ತಕ ಕದ್ದು ಓದಿದೆವು ಅನ್ನುವುದರಲ್ಲಿ ನಮಗೆ ಪೈಪೋಟಿ. ಕೊನೆಗೆ ಎಲ್ಲರದೂ ಒಂದೇ ಸಾಲು. ಏನೂ ಆಗಲಿಲ್ಲ ಕಣ್ರೀ, ಚೆನ್ನಾಗೇ ಇದ್ದೀವಲ್ಲ.

ಅಳಿಸಿಬಿಟ್ಟೆ. ಅವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ನನಗೇನೂ ಆಗಲಿಲ್ಲ, ಸರಿ. ಆದರೆ ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಏನೂ ಆಗಲಿಲ್ಲವೇ?

ಅಟ್ಟ

ತಿಪಟೂರಿನ ಕಡೆ ಹಳೆಯ ಮನೆ ನೋಡಿದವರಿಗೆ ಕೊಬ್ಬರಿ ಅಟ್ಟದ ವಿಷಯ ಹೇಳಬೇಕಿಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಕೆಳಗಿನ ಒಲೆಯ ಶಾಖ, ಹೊಗೆ ತಾಗುತ್ತಾ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುವುದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ. ಗಾಳಿ ಆಡಲಿ ಅಂತ ಅಟ್ಟದ ನೆಲಕ್ಕೆ ಹಲಗೆ ಜೋಡಿಸಿರುವುದಿಲ್ಲ. ಬರೀ ದಬ್ಬೆ, ನಡುನಡುವೆ ಎರಡು ಬೆರಳಿನಷ್ಟು ಸಂದು. ಮೇಲೆ ಮಲಗಿದರೆ ಬೆನ್ನಿಗೆ ಒತ್ತುತ್ತದೆ, ನಿಜ. ಆದರೆ ಕೆಳಗೆ ಯಾರು ಏನು ಮಾಡುತ್ತಿದ್ದಾರೆ ಅನ್ನುವುದು ಪೂರ್ತಿ ಕಾಣುತ್ತದೆ, ಅವರಿಗೆ ನೀವು ಕಾಣುವುದಿಲ್ಲ.

1986ರ ಬೇಸಿಗೆ ರಜೆ. ಅಜ್ಜಿ ಮನೆಯಲ್ಲಿ ನನಗೆ ಜೊತೆ ಯಾರೂ ಇರಲಿಲ್ಲ. ಮಾವನ ಮಗ ಇನ್ನೂ ನಡೆಯಲು ಕಲಿಯುತ್ತಿದ್ದ. ಮಧ್ಯಾಹ್ನ ಊಟ ಮುಗಿಸಿ ಏಣಿ ಹತ್ತಿದರೆ ಕಾಫಿಯ ಹೊತ್ತಿಗೆ ಇಳಿಯುವುದು. ಅಟ್ಟದ ಮೂಲೆಯಲ್ಲಿ ಒಂದು ತಗಡಿನ ಟ್ರಂಕ್ ಇತ್ತು. ಹಳೆಯ ಕಂಬಳಿಗಳ ಕೆಳಗೆ ಪುಸ್ತಕ. ಅರ್ಧಕ್ಕರ್ಧ ವಾರಪತ್ರಿಕೆಯ ಧಾರಾವಾಹಿಗಳು. ಅಮ್ಮ ಮತ್ತು ಅವಳ ತಂಗಿಯರು ಮದುವೆಗೆ ಮುಂಚೆ ಪ್ರತಿ ವಾರ ಕತೆಯ ಪುಟ ಮಾತ್ರ ಹರಿದಿಟ್ಟುಕೊಂಡು, ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು, ಮೇಲೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದರು. ಇಂಥ ಪುಸ್ತಕ ಓದುವ ಮಜಾನೇ ಬೇರೆ. ನಾಯಕಿ ಅಳುತ್ತಿರುವ ಪುಟದ ಹಿಂದುಗಡೆ ನಿಂಬೆಹಣ್ಣಿನ ಉಪ್ಪಿನಕಾಯಿ ಮಾಡುವ ವಿಧಾನ ಇರುತ್ತಿತ್ತು. ಒಂದೊಂದು ವಾರದ ಕಂತು ಕಾಣೆಯಾಗಿರುತ್ತಿತ್ತು. ಹೋದ ಕಂತಿನಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು ಈ ಕಂತಿನಲ್ಲಿ ವಿಧವೆಯಾಗಿ ತವರಿಗೆ ಬಂದಿರುತ್ತಿದ್ದಳು. ನಡುವೆ ಏನಾಯಿತು ಅಂತ ನಾನೇ ಕಟ್ಟಿಕೊಳ್ಳಬೇಕು.

ಇನ್ನರ್ಧ ಬೈಂಡ್ ಹಾಕಿದ ಕಾದಂಬರಿಗಳು. ಮೊದಲ ಪುಟದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯ ನೇರಳೆ ಸೀಲು, ಪುಸ್ತಕದ ನಂಬರು, ದಿನದ ಬಾಡಿಗೆ. ಅಂಚಿನಲ್ಲಿ ಯಾರು ಯಾರದೋ ಪೆನ್ಸಿಲ್ ಬರಹ. "ಇವನನ್ನು ನಂಬಬೇಡ" ಅಂತ ಒಬ್ಬರು ನಾಯಕಿಗೆ ಬುದ್ಧಿ ಹೇಳಿದ್ದರು. ಪತ್ತೇದಾರಿ ಕಾದಂಬರಿಯ ಮೂರನೇ ಪುಟದಲ್ಲೇ ಒಂದು ಹೆಸರಿಗೆ ಸುತ್ತು ಹಾಕಿ "ಇವನೇ ಕೊಲೆಗಾರ" ಅಂತ ಬರೆದಿದ್ದ ಪಾಪಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕಳೆದುಹೋದ ಶೀಲಾ

ಏನು ಓದಿದೆನೋ ಎಲ್ಲ ಓದಿದೆ. ಅರ್ಥವಾದದ್ದು ಎಷ್ಟು ಅಂತ ಕೇಳಬೇಡಿ. ಒಂದು ಕಾದಂಬರಿಯಲ್ಲಿ ನಾಯಕಿ "ಶೀಲ ಕಳೆದುಕೊಂಡಳು" ಅಂತ ಇತ್ತು. ನನ್ನ ಕ್ಲಾಸಿನಲ್ಲಿ ಎರಡು ಜಡೆ ಹಾಕಿಕೊಂಡು ಬರುವ ಶೀಲಾ ಇದ್ದಳು. ಈ ಶೀಲಾ ಯಾರು, ನಾಯಕಿಯ ತಂಗಿಯಾ, ಮೊದಲು ಎಲ್ಲೂ ಬಂದಿರಲಿಲ್ಲವಲ್ಲ ಅಂತ ಹಿಂದಿನ ಪುಟಗಳನ್ನು ತಿರುವಿ ಹುಡುಕಿದೆ. ಜಾತ್ರೆಯಲ್ಲಿ ಕಳೆದುಹೋದ ಮಕ್ಕಳು ಕೊನೆಗೆ ಸಿಕ್ಕೇ ಸಿಗುತ್ತಾರಲ್ಲ, ಹಾಗೆ ಸಿಗುತ್ತಾಳೆ ಅಂತ ಕಾದೆ. ಎಲ್ಲರೂ ಅತ್ತರು, ಅಪ್ಪನಿಗೆ ಎದೆನೋವು ಬಂತು, ಅಣ್ಣ ಮನೆ ಬಿಟ್ಟು ಹೋದ. ಒಬ್ಬರಾದರೂ ಪೊಲೀಸ್ ಕಂಪ್ಲೇಂಟ್ ಕೊಡಲಿಲ್ಲ. ಪುಸ್ತಕ ಮುಗಿದರೂ ಶೀಲಾ ಸಿಗಲಿಲ್ಲ.

ಮಳೆಯ ಕತೆ ಇನ್ನೊಂದು. ಆಗಿನ ಕಾದಂಬರಿಗಳಲ್ಲಿ ಒಂದು ಗೊತ್ತಾದ ಏರ್ಪಾಟು ಇತ್ತು. ನಾಯಕ ನಾಯಕಿ ಎಲ್ಲಿಗೋ ಹೊರಡುತ್ತಾರೆ, ಕಾರು ಕೆಡುತ್ತದೆ, ಮಳೆ ಬರುತ್ತದೆ, ಹತ್ತಿರದಲ್ಲೇ ಒಂದು ಐ.ಬಿ., ಅಂದರೆ ಸರ್ಕಾರಿ ಬಂಗಲೆ, ಇರುತ್ತದೆ, ಅಲ್ಲಿನ ಮೇಟಿ ಇರುವುದು ಒಂದೇ ರೂಮು ಸ್ವಾಮಿ ಅನ್ನುತ್ತಾನೆ. ಆಮೇಲೆ ದೀಪ ಆರುತ್ತದೆ. ಆಮೇಲೆ ಚುಕ್ಕಿ. ಒಂದು ಸಾಲು ತುಂಬಾ ಬರೀ ಚುಕ್ಕಿ. ಮುಂದಿನ ಅಧ್ಯಾಯದಲ್ಲಿ ಅವಳಿಗೆ ವಾಂತಿ, ಹುಳಿ ಮಾವಿನಕಾಯಿಯ ಆಸೆ. ಮೂರು ನಾಲ್ಕು ಪುಸ್ತಕದಲ್ಲಿ ಇದೇ ಕ್ರಮ ನೋಡಿದ ಮೇಲೆ ಮಳೆಯಲ್ಲಿ ನೆಂದರೆ ಬಸುರಿಯಾಗುತ್ತಾರೆ ಅನ್ನುವುದು ನನಗೆ ಖಚಿತವಾಯಿತು. ಏಪ್ರಿಲ್ ಕೊನೆಯಲ್ಲಿ ಒಂದು ಅಡ್ಡಮಳೆಗೆ ಸಿಕ್ಕಿ ತೊಪ್ಪೆಯಾಗಿ ಬಂದವಳು ಎರಡು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಮಾವಿನಕಾಯಿ ತಿನ್ನಬೇಕು ಅನ್ನಿಸುತ್ತಿದೆಯಾ ಅಂತ ನನ್ನನ್ನೇ ಕೇಳಿಕೊಂಡರೆ, ಅಯ್ಯೋ, ಅನ್ನಿಸುತ್ತಿತ್ತು! ಏಪ್ರಿಲ್ ತಿಂಗಳಲ್ಲಿ ಯಾರಿಗೆ ತಾನೇ ಅನ್ನಿಸುವುದಿಲ್ಲ?

ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದೆ. ಊಟಕ್ಕೆ ಕೂತಾಗ, "ಮಾವ, ಪ್ರಸ್ತ ಅಂದ್ರೆ ಏನು?" ಅಂದೆ. ಅತ್ತೆಯ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಮಾವ ಒಂದು ತುತ್ತು ನುಂಗಿ, ನೀರು ಕುಡಿದು, "ಪ್ರಸ್ತ ಅಂದ್ರೆ ಊಟ ಕಣಮ್ಮ. ಮದುವೆ ಮನೇಲಿ ಹಾಕ್ತಾರಲ್ಲ, ದೊಡ್ಡ ಊಟ" ಅಂದರು. ಮಾವ ಸುಳ್ಳು ಹೇಳಲಿಲ್ಲ ನೋಡಿ. ನಮ್ಮ ಕಡೆ ಊಟಕ್ಕೂ ಅದೇ ಮಾತು, ಮೊದಲ ರಾತ್ರಿಗೂ ಅದೇ ಮಾತು. ಆದರೆ ಅದರಿಂದ ಆದ ಅನಾಹುತ ಹೇಳುತ್ತೇನೆ ಕೇಳಿ. ಅದೇ ಮೇ ತಿಂಗಳು ಪಕ್ಕದ ಬೀದಿಯಲ್ಲಿ ಮದುವೆ. ಮದುಮಗನ ಮುಂದೆ, ನೆಂಟರೆಲ್ಲ ಕೂತಿರುವಾಗ, "ಅಣ್ಣಾ, ನಿಮ್ಮ ಪ್ರಸ್ತಕ್ಕೆ ನಾನೂ ಬರ್ತೀನಿ" ಅಂದುಬಿಟ್ಟೆ. ಆ ನಗು ಊರಾಚೆಗೂ ಕೇಳಿಸಿರಬೇಕು. ಯಾಕೆ ನಗುತ್ತಿದ್ದಾರೆ ಅಂತ ನನಗೆ ಅರ್ಥವಾಗಲು ಇನ್ನೂ ಆರು ವರ್ಷ ಬೇಕಾಯಿತು.

ಇಷ್ಟು ಹೇಳಿದ್ದು ಯಾಕೆ ಅಂದರೆ, ದೊಡ್ಡವರು ಹೆದರುವ "ಆ ಭಾಗ" ಇದೆಯಲ್ಲ, ಅದು ಮಕ್ಕಳ ತಲೆಯ ಮೇಲಿಂದ ಹಾರಿಹೋಗುತ್ತದೆ. ನನ್ನ ವಿಷಯದಲ್ಲಂತೂ ಹಾರಿಹೋಯಿತು. ನಮ್ಮ ಮನೆಯಲ್ಲಿ ಬಚ್ಚಿಡಬೇಕಾದ ಪುಸ್ತಕ ಅಂತ ಒಂದಿತ್ತು, ಅ.ನ.ಕೃ. ಅವರ 'ಸಂಜೆಗತ್ತಲು'. ವೇಶ್ಯೆಯರ ಬದುಕಿನ ಬಗ್ಗೆ ಅವರು ಬರೆದ ಕಾದಂಬರಿಗಳು ಅಶ್ಲೀಲ ಅಂತ ಆ ಕಾಲಕ್ಕೆ ದೊಡ್ಡ ಗದ್ದಲವೇ ಆಗಿತ್ತು, ಅದಕ್ಕೆ ಉತ್ತರವಾಗಿ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಅಂತ ಇನ್ನೊಂದು ಪುಸ್ತಕವನ್ನೇ ಬರೆದರು. ಆ ಗದ್ದಲದ ಬಿಸಿ ಮೂವತ್ತು ವರ್ಷ ಆದಮೇಲೂ ಅಜ್ಜನ ಮನೆಯಲ್ಲಿ ಆರಿರಲಿಲ್ಲ. ಪುಸ್ತಕವನ್ನು ಪಂಚಾಂಗದ ಕಟ್ಟಿನ ಹಿಂದೆ ಇಟ್ಟಿದ್ದರು. ಹುಡುಕಿ ತೆಗೆದೆ, ನಾಲ್ಕು ಪುಟ ಓದಿದೆ, ಬೇಜಾರಾಗಿ ವಾಪಸ್ ಇಟ್ಟೆ. ರಾತ್ರಿ ನಿದ್ದೆ ಕೆಡಿಸಿದ್ದು ಬೇರೆ. ಯಂಡಮೂರಿಯವರ 'ತುಳಸಿದಳ' ಓದಿ ಒಂದು ವಾರ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ, ಮೂರು ದಾರಿ ಸೇರುವಲ್ಲಿ ನಿಂಬೆಹಣ್ಣು ಕಂಡರೆ ಎರಡು ಮಾರು ದೂರ ಸುತ್ತಿ ಬರುತ್ತಿದ್ದೆ. ಆದರೆ ಅದು ವಾರ ಹದಿನೈದು ದಿನದ ಭಯ. ಓದಿದವರಿಗೆಲ್ಲ ಬಂದದ್ದು, ಓದಿದವರಿಗೆಲ್ಲ ಹೋದದ್ದು.

ಅಂಟಿಕೊಂಡದ್ದು ಯಾರೂ ಬಚ್ಚಿಡದ ಪುಸ್ತಕ.

ಬಾಣಂತಿ ಕೋಣೆ

ಆ ಬೇಸಿಗೆಯಲ್ಲಿ ಚಿಕ್ಕಮ್ಮ ಹೆರಿಗೆಗೆ ತವರಿಗೆ ಬಂದಿದ್ದಳು. ಅಮ್ಮನ ಕೊನೆಯ ತಂಗಿ. ಅವಳಿಗೆ 24 ವರ್ಷ. ನಾನು ಹೋಗುವ ಹೊತ್ತಿಗೆ ಮಗು ಹುಟ್ಟಿ ಮೂರು ವಾರವಾಗಿತ್ತು. ಬಚ್ಚಲಿಗೆ ಅಂಟಿದ ಕತ್ತಲೆ ಕೋಣೆ, ಕಿಟಕಿಗೆ ಗೋಣಿತಾಟು, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ. ಚಿಕ್ಕಮ್ಮನ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದಿರುತ್ತಿದ್ದರು. ತಣ್ಣನೆ ಗಾಳಿ ಕಿವಿಗೆ ಹೊಕ್ಕರೆ ಬಾಣಂತಿ ಸನ್ನಿ ಬರುತ್ತದೆ ಅಂತ ಅಜ್ಜಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ನೀರು ಜಾಸ್ತಿ ಕುಡಿಯಬಾರದು, ಹೊಟ್ಟೆ ಬರುತ್ತೆ. ಓದಬಾರದು, ಕಣ್ಣು ಹೋಗುತ್ತೆ. ಅಳಬಾರದು, ಹಾಲು ಕೆಡುತ್ತೆ. ಮೇ ತಿಂಗಳ ಸೆಕೆಯಲ್ಲಿ ಆ ಕೋಣೆಯ ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆಯುತ್ತಿತ್ತು.

ಚಿಕ್ಕಮ್ಮ ಅಳುತ್ತಿದ್ದಳು. ಸದ್ದು ಮಾಡದೆ, ಗೋಡೆ ಕಡೆ ತಿರುಗಿಕೊಂಡು. ನನ್ನನ್ನು ಸೈಕಲ್ ಕಲಿಸಲು ಬೀದಿ ತುಂಬಾ ಓಡಿಸಿದ ಚಿಕ್ಕಮ್ಮ ಇವಳೇನಾ ಅನ್ನಿಸುತ್ತಿತ್ತು. ಯಾಕೆ ಅಂತ ಕೇಳಿದರೆ "ಅವಳಿಗೆ ಹುಷಾರಿಲ್ಲ, ಆ ಕಡೆ ಹೋಗಬೇಡ" ಅನ್ನುತ್ತಿದ್ದರು. ಹುಷಾರಿಲ್ಲ ಅಂದರೆ ಜ್ವರವಾ, ಕೆಮ್ಮಾ? ಯಾರೂ ಹೇಳುವುದಿಲ್ಲ.

ಉತ್ತರ ಅಟ್ಟದ ಮೇಲೆ ಸಿಕ್ಕಿತು. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ, ಕಂಬಳಿಯ ಮಡಿಕೆಯಲ್ಲಿ, ತ್ರಿವೇಣಿಯವರ 'ಶರಪಂಜರ' ಇತ್ತು. ಒಳ್ಳೆಯ ಮನೆಯ ಹೆಣ್ಣುಮಕ್ಕಳೆಲ್ಲ ಓದುವ ಲೇಖಕಿ. ನಾನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯೆಲ್ಲ ಓಡಾಡಿದರೂ ಯಾರೂ ಕಿತ್ತುಕೊಳ್ಳಲಿಲ್ಲ. ಕಾವೇರಿ ಅಂತ ಒಬ್ಬಳು. ಒಳ್ಳೆಯವಳು, ಚೆಲುವೆ. ಹೆರಿಗೆಯಾದ ಮೇಲೆ ಅವಳಿಗೆ ಬುದ್ಧಿ ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಆಮೇಲಿನದು ನಿಮಗೇ ಗೊತ್ತು. ಪುಸ್ತಕ ಓದದವರೂ ಅದರ ಸಿನಿಮಾದಲ್ಲಿ ಕಾವೇರಿಯಾಗಿ ಕಲ್ಪನಾ ಅವರನ್ನು ನೋಡಿರುತ್ತೀರಿ.

ಆ ಪುಸ್ತಕದಲ್ಲಿ ಯಾವ ಪದಕ್ಕೂ ನಾನು ತಡವರಿಸಲಿಲ್ಲ. ಎಲ್ಲ ಸರಳ ಕನ್ನಡ. ಹೆರಿಗೆ, ಅಳು, ಮೌನ, ಹುಚ್ಚು. ಕೆಳಗಿನ ಕೋಣೆಯಲ್ಲಿ ಹೆರಿಗೆ ಇತ್ತು, ಅಳು ಇತ್ತು, ಮೌನ ಇತ್ತು. ಇನ್ನೇನು ಬಾಕಿ? ಹತ್ತು ವರ್ಷದ ಪತ್ತೇದಾರಿಣಿಗೆ ಕೇಸು ಬಗೆಹರಿಯಿತು.

ಒಂದು ಮಧ್ಯಾಹ್ನ ಬಾಣಂತಿ ಕೋಣೆಯ ಮೇಲಿನ ಕಡೆಗೆ ತೆವಳಿಕೊಂಡು ಹೋಗಿ ದಬ್ಬೆಯ ಸಂದಿಯಲ್ಲಿ ಇಣುಕಿದೆ. ಅಗ್ಗಿಷ್ಟಿಕೆಯ ಬೆಳಕಿಗೆ ಚಿಕ್ಕಮ್ಮನ ಸ್ಕಾರ್ಫ್ ಕಟ್ಟಿದ ತಲೆ ಮತ್ತು ಎಡ ಭುಜ ಅಷ್ಟೇ ಕಾಣುತ್ತಿತ್ತು. ಅವಳು ಮಾತಾಡುತ್ತಿದ್ದಳು. "ನಿಂಗೂ ನಿದ್ದೆ ಇಲ್ಲ, ನಂಗೂ ನಿದ್ದೆ ಇಲ್ಲ. ಇಬ್ರೂ ಎಲ್ಲಾದ್ರೂ ಓಡಿ ಹೋಗ್ಬಿಡೋಣ್ವಾ? ಹ್ಞಾ? ಯಾರಿಗೂ ಹೇಳದಂಗೆ?" ಅಂದು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು. ನನಗೆ ಬೆನ್ನುಹುರಿ ತಣ್ಣಗಾಯಿತು. ಕೋಣೆಯಲ್ಲಿ ಬೇರೆ ಯಾರೂ ಕಾಣುತ್ತಿರಲಿಲ್ಲ. ಮಗು ಅವಳ ತೊಡೆಯ ಮೇಲಿತ್ತು. ಅದು ನನಗೆ ಈಗ ಗೊತ್ತು. ಆಗಲೂ ಒಂದು ಗೇಣು ಆಚೆ ಸರಿದು, ಪಕ್ಕದ ಸಂದಿಯಲ್ಲಿ ನೋಡಿದ್ದರೆ ಕಾಣುತ್ತಿತ್ತು. ಸರಿಯಲಿಲ್ಲ.

ಏಣಿ ಇಳಿದು ನೇರ ಅಜ್ಜಿಯ ಹತ್ತಿರ ಓಡಿದೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಅಜ್ಜೀ, ಚಿಕ್ಕಮ್ಮ ಒಬ್ಬಳೇ ಮಾತಾಡ್ಕೊಂಡು ನಗ್ತಿದ್ದಾಳೆ. ಓಡಿ ಹೋಗ್ತೀನಿ, ಯಾರಿಗೂ ಹೇಳಲ್ಲ ಅಂತಿದ್ದಳು." ಅಜ್ಜಿಯ ಬೆರಳು ಅಕ್ಕಿಯಲ್ಲಿ ಹಾಗೇ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಹಿತ್ತಲ ಬಾಗಿಲಾಚೆ ನೋಡಿದಳು. ಅಲ್ಲಿ ಬಾವಿ ಇತ್ತು.

ಅವತ್ತು ರಾತ್ರಿಯಿಂದ ಮಗು ಅಜ್ಜಿಯ ಪಕ್ಕ ಮಲಗಿತು. ಹಾಲು ಕುಡಿಸಲು ಮಾತ್ರ ಚಿಕ್ಕಮ್ಮನ ಕೈಗೆ, ಅದೂ ಅತ್ತೆ ಪಕ್ಕದಲ್ಲಿ ಕೂತು ಕಾದು ವಾಪಸ್ ತರುತ್ತಿದ್ದರು. ಕೋಣೆಯ ಒಳಗಿನ ಚಿಲಕ ಬಿಚ್ಚಿದರು. ಮಾವ ಬಾವಿಯ ಬಾಯಿಗೆ ಹಲಗೆ ಹೊದಿಸಿ ಮೇಲೆ ಒರಳುಕಲ್ಲು ಉರುಳಿಸಿ ಇಟ್ಟರು, ಎರಡು ಹೊತ್ತು ಪಕ್ಕದ ಮನೆಯಿಂದ ನೀರು ಹೊತ್ತರು. ಯಾರೋ ಬಂದು ಅಂತ್ರ ಕಟ್ಟಿ ಹೋದರು. ಮನೆಯೆಲ್ಲ ಪಿಸುಮಾತು. ಇಷ್ಟೆಲ್ಲ ನಡೆಯುತ್ತಿದ್ದರೆ ನನಗೆ ಒಳಗೊಳಗೇ ಹೆಮ್ಮೆ. ಮುಂಚೆ ಕಂಡುಹಿಡಿದವಳು ನಾನು ತಾನೇ?

ಒಂದು ವಾರದ ಮೇಲೆ ಇರಬೇಕು, ಹಜಾರದಲ್ಲಿ ಹೋಗುತ್ತಿದ್ದವಳನ್ನು ಚಿಕ್ಕಮ್ಮ ಕರೆದಳು. ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಒಬ್ಬಳೇ ಕೂತಿದ್ದಳು. ತೊಟ್ಟಿಲ ಹಗ್ಗಕ್ಕೆ ತೊಟ್ಟಿಲು ಇರಲಿಲ್ಲ. "ಪುಟ್ಟಿ, ಬಾರೇ ಇಲ್ಲಿ. ಏನೋ ಓದ್ತಾ ಇರ್ತೀಯಂತಲ್ಲ ಅಟ್ಟದ ಮೇಲೆ. ನಂಗೂ ಒಂಚೂರು ಓದಿ ಹೇಳೇ. ನಾನು ಓದಂಗಿಲ್ಲವಲ್ಲ." ಪುಸ್ತಕ ನನ್ನ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಹಿಡಿದುಕೊಂಡೆ. ಅವಳು ಕೈ ಚಾಚಿದಳು, ಬಾ ಅಂತ. ನಾನು ಹೊಸ್ತಿಲ ಮೇಲೆ ನಿಂತಿದ್ದವಳು "ಅಮ್ಮಾ" ಅಂತ ಕಿರುಚಿ ಓಡಿಹೋದೆ. ಅಮ್ಮ ಊರಲ್ಲೇ ಇರಲಿಲ್ಲ.

ಎರಡನೇ ಸಲ

ಆ ಪುಸ್ತಕವನ್ನು ಮತ್ತೆ ಓದಿದ್ದು ನನ್ನ ಮಗಳು ಹುಟ್ಟಿದ ವರ್ಷ. ಬೆಂಗಳೂರಿನ ಫ್ಲಾಟಿನಲ್ಲಿ, ರಾತ್ರಿ ಎರಡು ಗಂಟೆಗೆ, ಒಂದು ಕೈಯಲ್ಲಿ ಮಗು. ನಾನೂ ಅಷ್ಟು ಹೊತ್ತಿನಲ್ಲಿ ಮಗುವಿನ ಜೊತೆ ಏನೇನೋ ಮಾತಾಡುತ್ತಿದ್ದೆ. ಗಂಡನನ್ನು ಬಿಟ್ಟು ಗೋವಾಗೆ ಹೋಗೋಣ ಅಂತ ಕೂಡ ಹೇಳಿದ್ದೆ. ಅಂಗಡಿಯಲ್ಲಿ ಹೊಸ ಮುದ್ರಣ ಕಂಡು ಹಳೆಯ ನೆನಪಿಗೆ ಅಂತ ತಂದಿದ್ದು, ಅಷ್ಟೇ.

ಮೊದಲ ಓದಿನಲ್ಲಿ ನನಗೆ ಕಂಡದ್ದು ಹುಚ್ಚು ಹಿಡಿದ ಹೆಂಗಸು. ಎರಡನೇ ಓದಿನಲ್ಲಿ ಆ ಹೆಂಗಸು ಅಷ್ಟು ಮುಖ್ಯ ಅನ್ನಿಸಲೇ ಇಲ್ಲ. ಅವಳ ಸುತ್ತ ಇರುವವರೇ ಕಾಣಿಸಿದರು. ಅವಳು ವಾಸಿಯಾಗಿ ಬಂದಿದ್ದಾಳೆ, ಸರಿಯಾಗೇ ಇದ್ದಾಳೆ. ಆದರೆ ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಎಲ್ಲರೂ ನೋಡುತ್ತಲೇ ಇರುತ್ತಾರೆ. ನೋಡಿ ನೋಡಿಯೇ ಅವಳನ್ನು ಮತ್ತೆ ಅಲ್ಲಿಗೇ ನೂಕುತ್ತಾರೆ. ಇದನ್ನು ಬರೆದಾಕೆ ಮನಶ್ಶಾಸ್ತ್ರ ಓದಿದವರು, ಹೀಗೆ ನೋಡಬೇಡಿ ಅಂತಲೇ ಇಡೀ ಪುಸ್ತಕ ಬರೆದಿದ್ದಾರೆ. ಹತ್ತು ವರ್ಷದವಳು ಅದನ್ನು ಹೇಗೆ ನೋಡಬೇಕು ಅಂತ ಕಲಿಯಲು ಓದಿದಳು. ಕಾವೇರಿಯನ್ನು ಇಣುಕಿ ನೋಡುವವರ ಸಾಲಿನಲ್ಲಿ ಸ್ಕರ್ಟ್ ಹಾಕಿದ ಒಬ್ಬ ಹುಡುಗಿಯೂ ಇದ್ದಳು, ಮೇಲೆ, ಅಟ್ಟದಲ್ಲಿ. ಪುಸ್ತಕ ಮುಚ್ಚಿ ಮಗುವನ್ನು ಮಲಗಿಸಿದೆ. ನನಗೆ ನಿದ್ದೆ ಬರಲಿಲ್ಲ.

ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. 35 ಕೂಡ ತುಂಬಿರಲಿಲ್ಲ. ಬಾಣಂತಿ ಕೋಣೆಯ ಬಗ್ಗೆ ಅಷ್ಟು ಬರೆದವರು ಅಲ್ಲಿಂದ ಹೊರಗೆ ಬರಲೇ ಇಲ್ಲ ಅನ್ನುವುದು ನನಗೆ ಈ ಎರಡನೇ ಓದಿನ ಹೊತ್ತಿಗೆ ಗೊತ್ತಾದದ್ದು.

ಇನ್ನೊಂದು ವಿಷಯವೂ ಆಮೇಲೆ ಗೊತ್ತಾಯಿತು. ಕಾದಂಬರಿಯ ಕಾವೇರಿಗೆ ಬಂದಂಥ ಕಾಯಿಲೆ ಬರುವುದು ಸಾವಿರ ಹೆರಿಗೆಗೆ ಒಂದಕ್ಕೋ ಎರಡಕ್ಕೋ. ಸುಮ್ಮನೆ ಅಳು ಬರುವುದು, ಮನಸ್ಸು ಕುಗ್ಗುವುದು ಎಷ್ಟೋ ಜನಕ್ಕೆ. ಚಿಕ್ಕಮ್ಮನಿಗೆ ಬಂದದ್ದು ಯಾವುದು ಅಂತ ಹೇಳಲು ನಾನು ಡಾಕ್ಟರಲ್ಲ. ನನ್ನ ಪ್ರಕಾರ ಅವಳಿಗೆ ನಿದ್ದೆ ಬೇಕಿತ್ತು, ನೀರು ಬೇಕಿತ್ತು, ಕಿಟಕಿ ತೆಗೆಯಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈಗ ಬಾಣಂತಿಯರಿಗೇ ಒಂದು ಬೇರೆ ವಾರ್ಡ್ ಇದೆ, 2009ರಲ್ಲಿ ಶುರುವಾದದ್ದು. ಅಲ್ಲಿ ನಿಜವಾಗಿ ಬುದ್ಧಿ ಕೆಟ್ಟವರನ್ನೂ ಮಗುವಿನ ಜೊತೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಾರೆ. ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ. ಅದನ್ನು ಓದಿದಾಗ ನನಗೆ ನೆನಪಾದದ್ದು ತೊಟ್ಟಿಲಿಲ್ಲದ ಹಗ್ಗ.

ಹಿತಕಿದವರೆ

ವಾಟ್ಸಾಪ್ ಗಲಾಟೆ ಆದ ವಾರ ಏನೋ ನೆಪ ಮಾಡಿಕೊಂಡು ತುಮಕೂರಿಗೆ ಹೋದೆ. ಚಿಕ್ಕಮ್ಮನಿಗೆ ಈಗ 63. ಚಿಕ್ಕಪ್ಪ ಹೋಗಿ ಮೂರು ವರ್ಷವಾಯಿತು. ಆ ಮಗು, ನನ್ನ ತಮ್ಮ, ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ, ಅವನಿಗೇ ಎರಡು ಮಕ್ಕಳು. ಅವರೆಕಾಯಿ ಕಾಲ. ನಾನು ಹೋದಾಗ ಒಂದು ಬೇಸಿನ್ ತುಂಬಾ ಕಾಳು ನೆನೆ ಹಾಕಿಕೊಂಡು ಕೂತಿದ್ದಳು. ನಾನೂ ಎದುರಿಗೆ ಕೂತೆ. ಹಿತಕಿದವರೆ ಕೆಲಸದ ಒಂದು ಅನುಕೂಲ ಅಂದರೆ ಮುಖ ನೋಡಿಕೊಂಡು ಮಾತಾಡಬೇಕಿಲ್ಲ. ಬೆರಳಲ್ಲಿ ಒತ್ತಿದರೆ ಬೇಳೆ ಪಟ್ಟನೆ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ.

"ಚಿಕ್ಕಮ್ಮ, ನಿನ್ನ ಬಾಣಂತನದಲ್ಲಿ ನಾನು ಅಟ್ಟದ ಮೇಲೆ ಒಂದು ಪುಸ್ತಕ ಓದ್ತಿದ್ದೆ, ನೆನಪಿದೆಯಾ?"

"ನೆನಪಿಲ್ದೆ ಏನು? ಅದು ನಂದೇ ಪುಸ್ತಕ."

ನನಗೆ ಗೊತ್ತಿರಲಿಲ್ಲ. ಏಳು ತಿಂಗಳ ಬಸುರಿಯಾಗಿದ್ದಾಗ ಅವಳೇ ತಿಪಟೂರಿನ ಲೈಬ್ರರಿಯಿಂದ ತಂದದ್ದಂತೆ. ಬಸುರಿ ಇಂಥದ್ದು ಓದಬಾರದು ಅಂತ ಬೈಯುತ್ತಾರೆ ಅಂತ ಟ್ರಂಕಿನಲ್ಲಿ ಇಟ್ಟಿದ್ದಳು. ಅರ್ಧ ಓದಿದ್ದಳು. ಅಷ್ಟರಲ್ಲಿ ನೋವು ಬಂತು.

"ಸಿನಿಮಾ ನೋಡಿದ್ದೆ ಮುಂಚೇನೇ. ಅಮ್ಮನೇ ಕರ್ಕೊಂಡು ಹೋಗಿದ್ದಳು, ಟೆಂಟಿಗೆ. ನಂಗಾಗ ಹತ್ತೋ ಹನ್ನೊಂದೋ. ನಿಮ್ಮಜ್ಜಿ ದಾರೀಲೆಲ್ಲ ಅತ್ಕೊಂಡು ಬಂದಳು, ಆ ಮನೆಯೋರು ಎಂಥಾ ಕಲ್ಲೆದೆಯೋರು ಅಂತ. ಪುಸ್ತಕದಲ್ಲೂ ಹಂಗೇ ಆಗುತ್ತಾ ಅಂತ ನೋಡ್ಬೇಕಿತ್ತು ನಂಗೆ. ಕೆಲವು ಸಲ ಪುಸ್ತಕದಲ್ಲಿ ಬೇರೆ ಇರುತ್ತಲ್ಲ."

ಅಜ್ಜಿ ಆ ಸಿನಿಮಾ ನೋಡಿದ್ದಳು. ನೋಡಿ ಅತ್ತಿದ್ದಳು. ಇದನ್ನು ಎಲ್ಲಿಟ್ಟುಕೊಳ್ಳಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕಾಳು ಹಿತುಕಿದೆ. ಆಮೇಲೆ ಹೇಳಿದೆ. ಸಂದಿಯಲ್ಲಿ ಇಣುಕಿದ್ದು, ಅಜ್ಜಿಗೆ ಹೋಗಿ ಹೇಳಿದ್ದು, ಎಲ್ಲ. ಹೇಳುವಾಗ ಧ್ವನಿ ಹತ್ತು ವರ್ಷದ್ದೇ ಆಗಿಬಿಟ್ಟಿತು.

"ಗೊತ್ತು ಕಣೆ," ಅಂದಳು. "ಅಮ್ಮ ಅವತ್ತೇ ಅಂದಳಲ್ಲ ನನ್ನ ಮುಂದೆ. ಆ ಮಗು ಯಾಕೆ ಸುಳ್ಳು ಹೇಳುತ್ತೆ ಅಂತ."

ಪಟ್. ಪಟ್. ಬೇಳೆ ಬಟ್ಟಲಿಗೆ ಬೀಳುತ್ತಿತ್ತು. ಅವಳ ಕೈ ನಿಲ್ಲಲಿಲ್ಲ.

"ಆ ಪುಸ್ತಕಕ್ಕೆ ಎಷ್ಟು ದಂಡ ಕಟ್ಟಿದೆ ಗೊತ್ತಾ?" ಅಂದಳು ಆಮೇಲೆ. "ಐದು ತಿಂಗಳ ಬಾಡಿಗೆ. ದಿನಕ್ಕೆ 25 ಪೈಸೆ, ಲೆಕ್ಕ ಹಾಕು. ಪುಸ್ತಕದ ಬೆಲೆಗಿಂತ ಜಾಸ್ತಿ. ನಿಮ್ಮ ಚಿಕ್ಕಪ್ಪ ಎಷ್ಟು ಕೂಗಾಡಿದ್ರು ಅಂತೀಯ."

"ಆಮೇಲಾದ್ರೂ ಓದಿದೆಯಾ?"

"ಎಲ್ಲಿ ಓದೋದು."

"ನಮ್ಮನೇಲಿದೆ. ಮುಂದಿನ ಸಲ ಬರುವಾಗ ತರ್ತೀನಿ."

"ಬೇಡಮ್ಮ. ಈಗ ಎರಡು ಕಣ್ಣಿಗೂ ಪೊರೆ ಬಂದಿದೆ, ಸಂಕ್ರಾಂತಿ ಆದ್ಮೇಲೆ ಆಪರೇಷನ್." ಕೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಎಸೆದು ನಕ್ಕಳು. "ಅಮ್ಮ ಇದ್ದಿದ್ರೆ ಏನನ್ನೋಳು ಗೊತ್ತಾ? ಬಾಣಂತೀಲಿ ಓದ್ಬೇಡ ಅಂತ ಅವತ್ತೇ ಹೇಳಿದ್ದೆ ಅನ್ನೋಳು. ಓದ್ಲೇ ಇಲ್ಲ ಕಣಮ್ಮ ಅಂದ್ರೂ ನಂಬ್ತಿರ್ಲಿಲ್ಲ."